ಹಿತ್ತಲಿನ ಆರ್ಕಿಡ್ ಹಸಿರುಮನೆ: ಚಳಿಗಾಲದಲ್ಲಿ ಬೆಚ್ಚಗಿಡುವ ಬಗೆ

ಕೋರಿಕೆ

ಕಿಟಕಿಯ ಬಳಿ ಬೆಳೆಸುತ್ತಿದ್ದ ನನ್ನ ಆರ್ಕಿಡ್‌ಗಳು ಈಗ ನಲವತ್ತನ್ನು ಮೀರಿವೆ. ಅವುಗಳಲ್ಲಿ ಹೆಚ್ಚಿನವು ಫೆಲನಾಪ್ಸಿಸ್; ಹತ್ತರಷ್ಟು ಕ್ಯಾಟ್ಲಿಯಾ, ಮೂರು ಸಿಂಬಿಡಿಯಂ. ಹಿತ್ತಲಿನಲ್ಲಿ 3 ಮೀಟರ್ ಉದ್ದ, 2.4 ಮೀಟರ್ ಅಗಲದ ಹಸಿರುಮನೆಯೊಂದನ್ನು ಕಟ್ಟಿಸಬೇಕೆಂದಿದ್ದೇನೆ. ಚಳಿಗಾಲದ ರಾತ್ರಿಗಳಲ್ಲಿ ಹೊರಗಿನ ಉಷ್ಣಾಂಶ 0 ಡಿಗ್ರಿಯವರೆಗೆ ಇಳಿಯುತ್ತದೆ. ಗಾಜು ಹಾಕಿಸಬೇಕೋ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯೋ, ಎಷ್ಟು ವ್ಯಾಟಿನ ಹೀಟರ್ ಬೇಕಾದೀತು, ಸೀಮೆಎಣ್ಣೆಯ ಹೀಟರ್ ಸಾಕಾದೀತೇ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಮೊದಲನೆಯ ಉತ್ತರ

ಹೀಟರ್ ಎಷ್ಟು ವ್ಯಾಟಿನದು ಎಂದು ಕೇಳುವ ಮೊದಲು, ಒಳಗೆ ರಾತ್ರಿಯ ಕನಿಷ್ಠ ಉಷ್ಣಾಂಶ ಎಷ್ಟಿರಬೇಕು ಎಂಬುದನ್ನು ನೀವು ನಿರ್ಧರಿಸಬೇಕು; ಉಳಿದ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ. ಫೆಲನಾಪ್ಸಿಸ್‌ಗೆ ರಾತ್ರಿ 16ರಿಂದ 18 ಡಿಗ್ರಿ ಬೇಕು. ಕ್ಯಾಟ್ಲಿಯಾಕ್ಕೆ 13ರಿಂದ 15 ಸಾಕು. ಸಿಂಬಿಡಿಯಂ 10 ಡಿಗ್ರಿಯಲ್ಲಿಯೂ ಸುಖವಾಗಿರುತ್ತದೆ. ಅಷ್ಟೇ ಅಲ್ಲ, ತಂಪಾದ ರಾತ್ರಿಗಳು ಸಿಗದಿದ್ದರೆ ಅದು ಎಲೆಯನ್ನು ಬೆಳೆಸುತ್ತದೆಯೇ ಹೊರತು ಹೂಗೊನೆಯನ್ನು ಬಿಡುವುದಿಲ್ಲ. ನಾನು ಈ ಮೂರನ್ನೂ ಒಂದೇ ಬಿಸಿಯಲ್ಲಿಟ್ಟು ಎರಡು ವರ್ಷ ಸಿಂಬಿಡಿಯಂ ಹೂವನ್ನೇ ಕಾಣಲಿಲ್ಲ. ನಿಮ್ಮ ಮೂರು ಕುಂಡಗಳನ್ನು ಹಿಮ ತಾಗದ, ಬಿಸಿ ಮಾಡದ, ಬೆಳಕಿರುವ ಜಗುಲಿಯಲ್ಲಿಡಿ. ಹಸಿರುಮನೆಯನ್ನು 15 ಡಿಗ್ರಿಗೆ ನಿಲ್ಲಿಸಿ, ಫೆಲನಾಪ್ಸಿಸ್‌ಗಳನ್ನು ಮಾತ್ರ ಬುಡಕ್ಕೆ ಬಿಸಿ ಕೊಡುವ ಹೀಟಿಂಗ್ ಮ್ಯಾಟಿನ ಮೇಲೆ ಕೂರಿಸಿದರೆ ಇಡೀ ಕೋಣೆಯನ್ನು 18 ಡಿಗ್ರಿಗೆ ಏರಿಸುವ ಅಗತ್ಯ ಬೀಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹೊರಹೋಗುವ ಶಾಖವು ಹೊದಿಕೆಯ ವಿಸ್ತೀರ್ಣ, ಒಳಗಿನ ಮತ್ತು ಹೊರಗಿನ ಉಷ್ಣಾಂಶಗಳ ಅಂತರ, ಹೊದಿಕೆಯು ಶಾಖವನ್ನು ಬಿಟ್ಟುಕೊಡುವ ಪ್ರಮಾಣ ಇವು ಮೂರರ ಗುಣಲಬ್ಧ. ನೀವು ಹೇಳಿದ ಅಳತೆಗೆ ಗೋಡೆ 1.8 ಮೀಟರ್, ಛಾವಣಿಯ ನಡುವಿನ ಏಣು 2.4 ಮೀಟರ್ ಎತ್ತರವೆಂದು ಹಿಡಿದರೆ ಗೋಡೆ ಮತ್ತು ಛಾವಣಿಗಳ ಒಟ್ಟು ವಿಸ್ತೀರ್ಣ ಸುಮಾರು 29 ಚದರ ಮೀಟರ್ ಆಗುತ್ತದೆ. ಒಂದು ಪದರದ ಗಾಜಿನ ಮೂಲಕ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ಅಂತರಕ್ಕೆ ಸುಮಾರು 6 ವ್ಯಾಟ್ ಸೋರಿಹೋದರೆ, 10 ಮಿಲಿಮೀಟರ್ ದಪ್ಪದ ಎರಡು ಪದರದ ಪಾಲಿಕಾರ್ಬೊನೇಟಿನಲ್ಲಿ ಅದು ಸುಮಾರು 3 ವ್ಯಾಟ್. ಹೊರಗೆ 0, ಒಳಗೆ 15 ಡಿಗ್ರಿ ಇರುವಾಗ ಗಾಜಿನ ಮನೆಗೆ 2,600 ವ್ಯಾಟ್ ಬೇಕಾಗುತ್ತದೆ, ಪಾಲಿಕಾರ್ಬೊನೇಟ್ ಮನೆಗೆ 1,300. ಸಂದುಗಳಲ್ಲಿ ನುಸುಳುವ ಗಾಳಿಗೆಂದು ಇದರ ಕಾಲುಭಾಗವನ್ನು ಸೇರಿಸಿಕೊಳ್ಳಿ. ನಿಮ್ಮ ಪಾಲಿಕಾರ್ಬೊನೇಟ್ ಮನೆಗೆ 2,000 ವ್ಯಾಟ್ ಧಾರಾಳವಾಯಿತು. ಅದನ್ನು ಒಂದೇ ಹೀಟರಿನಿಂದ ಪಡೆಯದೆ 1,000 ವ್ಯಾಟಿನ ಎರಡನ್ನು ಬೇರೆ ಬೇರೆ ಸರ್ಕ್ಯೂಟಿಗೆ ಜೋಡಿಸಿದರೆ ಒಂದು ಹೀಟರ್ ಕೆಟ್ಟರೂ ಆ ರಾತ್ರಿ ಇನ್ನೊಂದು ಗಿಡಗಳನ್ನು ಉಳಿಸುತ್ತದೆ. ನೀರು ಚಿಮ್ಮುವ ಜಾಗವಾದ್ದರಿಂದ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಇಲ್ಲದ ಸಂಪರ್ಕವನ್ನು ದಯವಿಟ್ಟು ಕೊಡಿಸಬೇಡಿ.

ಹಾಳೆಯನ್ನು ಕೂರಿಸುವಾಗ ಅದರೊಳಗಿನ ಕೊಳವೆಗಳು ಮೇಲಿಂದ ಕೆಳಕ್ಕೆ ಸಾಗಿರಬೇಕು, ನೇರಳಾತೀತ ಕಿರಣವನ್ನು ತಡೆಯುವ ಲೇಪವಿರುವ ಮೈ ಹೊರಕ್ಕಿರಬೇಕು, ಮೇಲಿನ ಅಂಚನ್ನು ಅಲ್ಯೂಮಿನಿಯಂ ಟೇಪಿನಿಂದ ಪೂರ್ತಿ ಮುಚ್ಚಿರಬೇಕು.

ಸೀಮೆಎಣ್ಣೆಯ ಹೀಟರ್ ಬೇಡವೇ ಬೇಡ. ನನ್ನ ಮೊದಲ ಚಳಿಗಾಲದಲ್ಲಿ ಹೊಗೆಕೊಳವೆಯಿಲ್ಲದ ಅಂಥದೊಂದನ್ನು ಉರಿಸಿ, ಬಿಸಿ ಹೊರಹೋಗದಿರಲೆಂದು ಗವಾಕ್ಷಿಯನ್ನೂ ಮುಚ್ಚಿದ್ದೆ. ನಾಲ್ಕನೆಯ ಬೆಳಿಗ್ಗೆ ಹೋಗಿ ನೋಡಿದರೆ ಫೆಲನಾಪ್ಸಿಸ್ ಮೊಗ್ಗುಗಳು ಹಳದಿಯಾಗಿ ಉದುರಿದ್ದವು. ಅರಳಿದ್ದ ಕ್ಯಾಟ್ಲಿಯಾದ ಹೊರದಳಗಳು ತುದಿಯಿಂದ ಒಣಗುತ್ತ ಬಂದಿದ್ದವು. ಉರಿ ಪೂರ್ಣವಾಗಿ ದಹಿಸದಿದ್ದಾಗ ಹೊಮ್ಮುವ ಎಥಿಲೀನ್ ಅನಿಲಕ್ಕೆ ಆರ್ಕಿಡ್ ಹೂಗಳು ಅತಿ ಸೂಕ್ಷ್ಮ ಎಂಬುದು ನನಗೆ ಗೊತ್ತಿರಲಿಲ್ಲ. ಜೊತೆಗೆ ಒಂದು ಲೀಟರ್ ಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಒಳಗೇ ಸೇರುತ್ತದೆ, ತಣ್ಣನೆಯ ಛಾವಣಿಯಿಂದ ಗಿಡಗಳ ಮೇಲೆ ತೊಟ್ಟಿಕ್ಕುತ್ತದೆ. ಇಂಗಾಲದ ಮಾನಾಕ್ಸೈಡ್ ಅಂತೂ ಒಳಗೆ ಕಾಲಿಡುವ ನಿಮಗೇ ಅಪಾಯ.

ಹಗಲಿನ ಬಿಸಿಲನ್ನು ನೀರಿನ ಪೀಪಾಯಿಗಳಲ್ಲಿ ಕೂಡಿಟ್ಟುಕೊಳ್ಳಿ ಎಂಬ ಸಲಹೆಯೂ ನಿಮ್ಮ ಕಿವಿಗೆ ಬೀಳಬಹುದು. 200 ಲೀಟರ್ ನೀರು 5 ಡಿಗ್ರಿ ತಣಿದಾಗ ಬಿಟ್ಟುಕೊಡುವುದು ಸುಮಾರು 1.2 ಯೂನಿಟ್ ಶಾಖ, ಅಂದರೆ ನಿಮ್ಮ ಮನೆಗೆ ಒಂದು ಗಂಟೆಗೂ ಸಾಲದಷ್ಟು. ಆ ಜಾಗದಲ್ಲಿ ಗಿಡ ಇಡುವುದೇ ಮೇಲು. ಅದೇ ಶ್ರಮದಲ್ಲಿ ಒಳಮೈಗೆ ಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದರೆ ಉಳಿತಾಯ ಮೊದಲ ರಾತ್ರಿಯಿಂದಲೇ ಕಾಣುತ್ತದೆ.

ಎರಡನೆಯ ಉತ್ತರ

ಮೇಲಿನ ಲೆಕ್ಕವನ್ನು ನಾನೂ ಒಪ್ಪುತ್ತೇನೆ. ಆದರೆ ನನ್ನ ಗಿಡಗಳು ಸತ್ತದ್ದು ಚಳಿಯಿಂದಲ್ಲ, ನಿಂತ ಗಾಳಿಯಿಂದ. ಸಂದುಗಳನ್ನೆಲ್ಲ ಮುಚ್ಚಿದ ಮನೆಯಲ್ಲಿ ಬಿಸಿ ಗಾಳಿ ಛಾವಣಿಗೇರಿ, ತಣ್ಣನೆಯ ಒದ್ದೆ ಗಾಳಿ ಗಿಡಗಳ ಮಟ್ಟದಲ್ಲೇ ಉಳಿದು, ಎಸಳುಗಳ ಮೇಲೆ ಬೂಷ್ಟಿನ ಕಂದು ಚುಕ್ಕೆಗಳು ಎದ್ದವು. ನಡುಸುಳಿಯಲ್ಲಿ ನೀರು ನಿಂತಿದ್ದ ಆರು ಫೆಲನಾಪ್ಸಿಸ್ ಕೊಳೆತುಹೋದವು. ಅಂದಿನಿಂದ ಒಂದು ಸಣ್ಣ ಫ್ಯಾನ್ ಹಗಲಿರುಳೂ ತಿರುಗುತ್ತಿದೆ. ಎಲೆ ತುಸು ಅಲುಗಿದರೆ ಸಾಕು, ಕುಂಡ ಅಲುಗಬಾರದು. 19ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನವರು ಆರ್ಕಿಡ್‌ಗಳನ್ನು ಮುಚ್ಚಿದ, ಕುದಿಯುವ, ಒದ್ದೆ ಮನೆಗಳಲ್ಲಿಟ್ಟು ಅಪಾರ ಸಂಖ್ಯೆಯಲ್ಲಿ ಕಳೆದುಕೊಂಡರು. ಅಲ್ಲಿನ ಚಾಟ್ಸ್‌ವರ್ತ್ ಎಂಬ ಬಂಗಲೆಯ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್ ಬೇರೆ ಬೇರೆ ಗಿಡಗಳಿಗೆ ಬೇರೆ ಬೇರೆ ಉಷ್ಣಾಂಶವನ್ನೂ ಗಾಳಿಯಾಟವನ್ನೂ ಒದಗಿಸಿದ ಮೇಲೆ ಅವು ಬದುಕತೊಡಗಿದವು. ಅದೇ ತಪ್ಪನ್ನು ನಾನು ಪುಟ್ಟ ಹಿತ್ತಲಿನಲ್ಲಿ ಮಾಡಿದೆನಲ್ಲ ಎಂದು ಇಂದಿಗೂ ನೋಯುತ್ತೇನೆ.

ಇದರ ಇನ್ನೊಂದು ಮುಖವೂ ಇದೆ. 5 ಡಿಗ್ರಿಯಲ್ಲಿ ತೇವ ತುಂಬಿದ ಗಾಳಿಯನ್ನೇ 18 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ತೇವಾಂಶ ಶೇ. 42ರ ಸುಮಾರಿಗೆ ಕುಸಿಯುತ್ತದೆ, ಆರ್ಕಿಡ್‌ಗೆ ಬೇಕಾದದ್ದು ಶೇ. 50ರಿಂದ 70. ಹಾಗಾಗಿ ಬೆಳಿಗ್ಗೆ ನೆಲಕ್ಕೆ ನೀರು ಚಿಮುಕಿಸಿ, ಸಂಜೆಯೊಳಗೆ ಎಲೆಗಳು ಒಣಗಿರುವಂತೆ ನೋಡಿಕೊಳ್ಳಿ. ಉಷ್ಣಾಂಶ ನೋಡಿ ಹೀಟರನ್ನು ತಾನಾಗಿ ಹಾಕಿ ಆರಿಸುವ ಥರ್ಮೋಸ್ಟ್ಯಾಟಿನ ಸೆನ್ಸರ್ ಗಿಡಗಳ ಮಟ್ಟದಲ್ಲಿ, ನೆರಳಿನಲ್ಲಿ, ಹೀಟರಿನ ಗಾಳಿ ನೇರವಾಗಿ ತಾಗದಲ್ಲಿ ಇರಲಿ. ಚಳಿಗಾಲದ ಬಿಸಿಲಿಗೂ ಇಷ್ಟು ಚಿಕ್ಕ ಮನೆ 30 ಡಿಗ್ರಿ ದಾಟಬಲ್ಲದು. ಒಳಗಿನ ಮೇಣ ಬಿಸಿಗೆ ಹಿಗ್ಗಿ ಗವಾಕ್ಷಿಯನ್ನು ತಾನಾಗಿ ತೆರೆಯುವ ಸಾಧನಕ್ಕೆ ವಿದ್ಯುತ್ತೂ ಬೇಡ, ನೀವು ಮನೆಯಲ್ಲಿರಬೇಕೆಂದೂ ಇಲ್ಲ.

ಮೂರನೆಯ ಉತ್ತರ

ವಿದ್ಯುತ್ ಹೋದ ರಾತ್ರಿಯ ಬಗ್ಗೆ ಮಾತ್ರ ಬರೆಯುತ್ತೇನೆ. ಉಷ್ಣಾಂಶ 12 ಡಿಗ್ರಿಗಿಂತ ಕೆಳಗಿಳಿದರೆ ಮಲಗುವ ಕೋಣೆಯಲ್ಲಿ ಸದ್ದು ಮಾಡುವ, ಬ್ಯಾಟರಿಯಿಂದ ನಡೆಯುವ ಎಚ್ಚರಿಕೆಯ ಗಂಟೆಯೊಂದನ್ನು ಇಟ್ಟುಕೊಂಡಿದ್ದೇನೆ. ಅದು ಕೂಗಿದಾಗ ಎದ್ದು, ಛಾವಣಿಯ ಮೇಲೆ ಹಳೆಯ ಕಂಬಳಿಗಳನ್ನು ಹೊದಿಸಿ, ಫೆಲನಾಪ್ಸಿಸ್‌ಗಳನ್ನು ಬುಟ್ಟಿಗಳಲ್ಲಿ ತುಂಬಿ ಮನೆಯೊಳಗೆ ತರುತ್ತೇನೆ. ಬುಟ್ಟಿಗಳು ಸದಾ ಬಾಗಿಲ ಬಳಿಯೇ ಇರುತ್ತವೆ. ಬೇರಿನ ಸುತ್ತ ಒದ್ದೆಯಿದ್ದ ಗಿಡಗಳಿಗಿಂತ ಒಣಗಿದ್ದವು ಆ ಚಳಿಯನ್ನು ಚೆನ್ನಾಗಿ ತಾಳಿಕೊಂಡದ್ದನ್ನು ಕಂಡಮೇಲೆ, ಕಡುಚಳಿಯ ಮುನ್ಸೂಚನೆ ಇರುವ ದಿನ ನಾನು ನೀರನ್ನೇ ಹಾಕುವುದಿಲ್ಲ. ಗಿಡಗಳನ್ನು ಸಾಗಿಸುವ ಮುನ್ನ ಒಂದು ವಾರ ಹೀಟರುಗಳನ್ನು ಖಾಲಿ ಹಸಿರುಮನೆಯಲ್ಲಿ ನಡೆಸಿ, ಗರಿಷ್ಠ–ಕನಿಷ್ಠ ಥರ್ಮಾಮೀಟರುಗಳನ್ನು ನಾಲ್ಕು ಮೂಲೆಗಳಲ್ಲಿ ತೂಗುಹಾಕಿ ಪ್ರತಿದಿನ ಬರೆದಿಟ್ಟುಕೊಳ್ಳಿ. ಯಾವ ಮೂಲೆ ಕ್ಯಾಟ್ಲಿಯಾಕ್ಕೆ, ಯಾವುದು ಫೆಲನಾಪ್ಸಿಸ್‌ಗೆ ಎಂಬುದು ಆ ಬರಹದಿಂದಲೇ ಗೊತ್ತಾಗುತ್ತದೆ.