ಪದಚರ್ಚೆ: ಕಡಲ ಸೇವೆಯ ರಿಬ್ಬನ್‌ಗೆ ‘ಪದಕ’ ಎನ್ನಬಹುದೇ?

ಪ್ರಶ್ನೆ (ಉಡುಪಿ): ಅಮೆರಿಕದ ನೌಕಾಪಡೆಯಲ್ಲಿದ್ದ ಒಬ್ಬರ ಪರಿಚಯ ಲೇಖನದಲ್ಲಿ ‘ಸೀ ಸರ್ವಿಸ್ ಡಿಪ್ಲಾಯ್‌ಮೆಂಟ್ ರಿಬ್ಬನ್, ಮೂರು ಕಂಚಿನ ನಕ್ಷತ್ರ’ ಎಂದಿದೆ. ಅನುವಾದದಲ್ಲಿ ಅದು ‘ಮೂರು ಬಾರಿ ನೌಸೇನಾ ಪದಕ’ ಎಂದಾಗಿದೆ. ಇದು ಸರಿಯೇ? ಪಟ್ಟಿ, ಪಟ್ಟೆ, ಬಿಲ್ಲೆ ಇವುಗಳಲ್ಲಿ ಯಾವುದಾದರೂ ಹೊಂದುತ್ತದೆಯೇ?

ಉತ್ತರ (ಮಂಗಳೂರು): ಸರಿಯಲ್ಲ. ನೌಸೇನಾ ಪದಕ ಭಾರತದ್ದು, 1960ರಲ್ಲಿ ಆರಂಭವಾದದ್ದು. ಶೌರ್ಯಕ್ಕೆ ಅಥವಾ ವಿಶಿಷ್ಟ ಕರ್ತವ್ಯನಿಷ್ಠೆಗೆ ಕೊಡುವಂಥದ್ದು. ಅಮೆರಿಕದ ಈ ರಿಬ್ಬನ್ ಕಡಲಲ್ಲಿ ಕಳೆದ ಅವಧಿಗೆ ಸಲ್ಲುವುದು. ಅಮೆರಿಕದಲ್ಲೇ ನೆಲೆಬಂದರು ಇರುವ ಹಡಗಿನವರಾದರೆ ಒಟ್ಟು 12 ತಿಂಗಳ ಕಡಲ ಕರ್ತವ್ಯ ಆಗಿರಬೇಕು, ಅದರೊಳಗೆ ಒಮ್ಮೆಯಾದರೂ ಸತತ 90 ದಿನಗಳ ನಿಯೋಜನೆ ಇರಬೇಕು. 1980ರಲ್ಲಿ ಬಂದ ಈ ಗೌರವ 1974ರ ಆಗಸ್ಟ್ 15ರಿಂದಲೇ ಅನ್ವಯ.

‘ಪದಕ’ ಎಂದರೆ ನಾವು ಎದೆಯ ಮೇಲೆ ತೂಗುವ ಲೋಹದ ಬಿಲ್ಲೆಯನ್ನು ನೆನೆಯುತ್ತೇವೆ. ಇಲ್ಲಿ ಆ ಬಿಲ್ಲೆಯೇ ಇಲ್ಲ, 35 ಮಿ.ಮೀ. ಅಗಲದ ಬಣ್ಣದ ಬಟ್ಟೆಯ ತುಂಡೇ ಪೂರ್ತಿ ಗೌರವ. ಭಾರತದಲ್ಲಿ ನಿತ್ಯದ ಸಮವಸ್ತ್ರದ ಮೇಲೆ ಕಾಣುವ 32 ಮಿ.ಮೀ. ರಿಬ್ಬನ್‌ಗೆ ಹಿಂದೊಂದು ಪದಕ ಇದ್ದೇ ಇರುತ್ತದೆ, ಪರೇಡಿನ ದಿನ ಅದು ಹೊರಗೆ ಬರುತ್ತದೆ. ಅನುವಾದಕರು ಎಡವುವುದು ಇಲ್ಲೇ. ಎರಡೂ ಕಣ್ಣಿಗೆ ಒಂದೇ ಥರ ಕಾಣುವುದರಿಂದ ಎಲ್ಲ ರಿಬ್ಬನ್ನೂ ಪದಕದ ಗುರುತೆಂದು ಭಾವಿಸುತ್ತಾರೆ.

‘ಸೇವಾ ಪಟ್ಟಿ’ ಎಂದರೆ ಓದುಗರಿಗೆ ಜ್ಯೇಷ್ಠತಾ ಪಟ್ಟಿ ನೆನಪಾಗುತ್ತದೆ. ‘ಪಟ್ಟೆ’ ಪೊಲೀಸರ ತೋಳಿನ ಗುರುತಿಗೆ ಸರಿ, ನಮ್ಮ ಕಡೆ ಅದು ರೇಷ್ಮೆಯ ಮಡಿಯೂ ಹೌದು. ಬಿಲ್ಲೆ ಲೋಹದ್ದು. ರಿಬ್ಬನ್ ಎಂದೇ ಇಡಿ. ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತಿರುವ ಮಾತು.

ನಕ್ಷತ್ರದ ಲೆಕ್ಕ ಇನ್ನೂ ಮುಖ್ಯ. ಮೊದಲ ಸಲ ಬರಿಯ ರಿಬ್ಬನ್. ಎರಡನೆಯ ಸಲದಿಂದ ಒಂದೊಂದು ಕಂಚಿನ ನಕ್ಷತ್ರ. ಹಾಗಾಗಿ ಮೂರು ನಕ್ಷತ್ರವೆಂದರೆ ನಾಲ್ಕು ಸಲ. ಐದು ಕಂಚಿನ ಬದಲು ಒಂದು ಬೆಳ್ಳಿಯ ನಕ್ಷತ್ರ, ಅಂದರೆ ಆರನೆಯ ಸಲ. ಇದನ್ನು ಬ್ರಿಟಿಷರ ‘ಅಟ್ಲಾಂಟಿಕ್ ಸ್ಟಾರ್’ ಜೊತೆ ಬೆರೆಸಬಾರದು. ಎರಡನೇ ಮಹಾಯುದ್ಧದ ಆ ಸ್ಟಾರ್ ಆರು ಮೊನೆಯ ಲೋಹದ ಪದಕವೇ. ವ್ಯಾಪಾರಿ ಹಡಗಿನವರಿಗೂ ಸಿಕ್ಕಿದೆ.

‘ನೌಕಾಸೇವೆ’ ಎಂಬುದನ್ನೂ ಬಿಡುವುದು ಒಳ್ಳೆಯದು. ದಡದ ಕಚೇರಿಯಲ್ಲಿ ಕುಳಿತದ್ದೂ ನೌಕಾಸೇವೆಯೇ. ನಮ್ಮ 9, 20, 30 ವರ್ಷಗಳ ದೀರ್ಘ ಸೇವಾ ಪದಕಗಳು ಎಣಿಸುವುದು ಆ ಒಟ್ಟು ಸೇವೆಯನ್ನು. ಹೆಸರಿನ ಮುಂದೆ ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಕಂಡ ಕೂಡಲೇ ಹಡಗು ಎಂದುಕೊಳ್ಳಬೇಡಿ. ಕಾರವಾರದ ಐಎನ್‌ಎಸ್ ಕದಂಬ ನೆಲದ ಮೇಲಿನ ನೆಲೆ. ‘ಕಡಲ ಸೇವೆ’ ಎಂದರೆ ಅರ್ಥ ನೆಟ್ಟಗೆ ನಿಲ್ಲುತ್ತದೆ. ‘ನಿಯೋಜನೆ’ ಒಂದೇ ಬಂದರೆ ಚುನಾವಣಾ ಕೆಲಸದ ವಾಸನೆ ಹೊಡೆಯುತ್ತದೆ, ಹಿಂದೆ ‘ಕಡಲ’ ಸೇರಿಸಿ.

ನನ್ನ ಸಲಹೆ: ‘ಕಡಲ ನಿಯೋಜನೆ ಸೇವಾ ರಿಬ್ಬನ್ (ಪದಕವಿಲ್ಲದ ಗೌರವ), ನಾಲ್ಕು ಬಾರಿ’.

ಮರುಪ್ರಶ್ನೆ (ಉಡುಪಿ): ಅದೇ ಲೇಖನದಲ್ಲಿ ಕೋಸ್ಟ್ ಗಾರ್ಡ್‌ನ ರಿಬ್ಬನ್ನೂ ಇದೆ. ‘ಕರಾವಳಿ ಕಾವಲು’ ಎಂದರೆ ಸಾಕೇ?

ಉತ್ತರ: ಸಾಲದು, ‘ಪಡೆ’ ಸೇರಿಸಲೇಬೇಕು. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸ್ ರಾಜ್ಯದ್ದು, ಪಣಂಬೂರಿನ ಕರಾವಳಿ ಕಾವಲು ಪಡೆ ಕೇಂದ್ರದ್ದು; ನಮ್ಮ ಓದುಗರು ಎರಡನ್ನೂ ದಿನಾ ನೋಡುವವರು. ಇನ್ನು ಅಮೆರಿಕದ ಕೋಸ್ಟ್ ಗಾರ್ಡ್‌ನ ‘ಸೀ ಸರ್ವಿಸ್ ರಿಬ್ಬನ್’ 1984ರದ್ದು, ಅದು ಸಲ್ಲುವುದು ಒಟ್ಟು ಕಡಲ ಕರ್ತವ್ಯದ ಅವಧಿಗೆ. ಅದರ ಹೆಸರಲ್ಲಿ ನಿಯೋಜನೆ ಇಲ್ಲ, ಅಲ್ಲಿ ‘ಕಡಲ ಸೇವಾ ರಿಬ್ಬನ್’ ಅಷ್ಟೇ.