ಅಪ್‌ಡೇಟ್: ಅಮ್ಮನ ಜೊತೆ ಡಾಗ್ ಮೌಂಟನ್ ಹತ್ತಿ ಬಂದೆ

ಹಾಸನದಿಂದ ಬಂದಿರುವ ಅಮ್ಮನನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿ ಕಣಿವೆಯಲ್ಲಿರುವ ಡಾಗ್ ಮೌಂಟನ್ ಬೆಟ್ಟಕ್ಕೆ ಕರೆದುಕೊಂಡು ಹೋಗಬಹುದಾ, ಅವರಿಗೆ ಮಂಡಿನೋವಿದೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇ ಎರಡನೇ ವಾರ ಹೋಗಿ ಬಂದೆವು.

ಏರು ನಿಜವಾಗಲೂ ಕಡಿದು. ಸುಮಾರು 2,800 ಅಡಿ, ಮೊದಲ ಹೆಜ್ಜೆಯಿಂದಲೇ ಶುರು. ದಾರಿ ಕವಲೊಡೆಯುವಲ್ಲಿ ನೀವು ಹೇಳಿದಂತೆ ಸುಲಭದ ಕಡೆಗೇ ಹೋದೆವು. ಅದೂ ಸುಲಭ ಏನಲ್ಲ. ಹತ್ತು ನಿಮಿಷಕ್ಕೊಮ್ಮೆ ಕೂತು ಮಜ್ಜಿಗೆ ಕುಡಿದೆವು.

ಮರಗಳು ಮುಗಿದು ಬಯಲು ತೆರೆದುಕೊಂಡಾಗ ಅಮ್ಮ ನಿಂತೇಬಿಟ್ಟರು. ಇಳಿಜಾರಿನ ತುಂಬ ಹಳದಿ ಬಾಲ್ಸಮ್‌ರೂಟ್ ಹೂ. ನಡುನಡುವೆ ನೇರಳೆ ಲೂಪಿನ್, ಕೆಂಪು ಪೇಂಟ್‌ಬ್ರಷ್ ಹೂಗಳು. "ನಮ್ಮೂರ ಹುಚ್ಚೆಳ್ಳು ಹೊಲ ಕಣೋ!" ಅಂದರು. ಬಾಲ್ಸಮ್‌ರೂಟ್, ಹುಚ್ಚೆಳ್ಳು ಎರಡೂ ಸೂರ್ಯಕಾಂತಿ ಕುಟುಂಬದವೇ, ಅಲ್ವಾ? ಕೆಳಗೆ ನದಿ, ಆಚೆ ಹಿಮ ಹೊದ್ದ ಮೌಂಟ್ ಹುಡ್. ಗಾಳಿ ಮಾತ್ರ ವಿಪರೀತ, ಜಾಕೆಟ್ ಬೇಕೇ ಬೇಕು.

ಇಳಿಯಲು ನೀವು ಹೇಳಿದ ಆಗ್‌ಸ್ಪರ್ಗರ್ ದಾರಿ ಹಿಡಿದು ಸುತ್ತು ಪೂರ್ತಿ ಮಾಡಿದೆವು, ಒಟ್ಟು ಹೆಚ್ಚುಕಡಿಮೆ 11 ಕಿ.ಮೀ. ದೂರ ಸ್ವಲ್ಪ ಜಾಸ್ತಿ, ಆದರೆ ಇಳಿಜಾರು ನಿಧಾನ. ಅಮ್ಮನ ಮಂಡಿ ಉಳಿದದ್ದು ಈ ಸಲಹೆಯಿಂದಲೇ. ಎರಡು ಊರುಗೋಲೂ ತುಂಬಾ ನೆರವಾದವು.

ಹೋಗುವವರು ಗಮನಿಸಿ: ಹೂವಿನ ಕಾಲದ ಶನಿವಾರ, ಭಾನುವಾರ ಪರ್ಮಿಟ್ ಬೇಕು. ಕೆಳಭಾಗದಲ್ಲಿ ಪಾಯಿಸನ್ ಓಕ್ ಅನ್ನೋ ಗಿಡ ಇದೆ, ಮುಟ್ಟಿದರೆ ಮೈ ತುರಿಕೆ. ಉದ್ದ ಪ್ಯಾಂಟ್ ಹಾಕಿಕೊಳ್ಳಿ. ಫೋಟೋಗಾಗಿ ಹೂವಿನ ಮೇಲೆ ಕಾಲಿಡಬೇಡಿ, ದಯವಿಟ್ಟು.

ಅಮ್ಮ ಎರಡು ದಿನ ಮೆಟ್ಟಿಲು ಇಳಿಯಲು ಕಷ್ಟಪಟ್ಟರು. ಈಗ ಆರಾಮಾಗಿದ್ದಾರೆ, ಊರಿಗೆಲ್ಲ ಫೋಟೋ ಕಳಿಸುತ್ತಿದ್ದಾರೆ.