ಹೆಡ್ ಅಳೆಯದೆ ಗ್ಯಾಸ್ಕೆಟ್ ಹಾಕಿಸಬೇಡ

ಸುಧೀರ, ಮಾವ ಮಾತನಾಡುತ್ತಿದ್ದೇನೆ. ಶಿರಾಡಿ ಘಾಟಿಯಲ್ಲಿ ನಿಮ್ಮ ಮಾರುತಿ 800 ಕುದಿದು ನಿಂತದ್ದು, ಮೆಕ್ಯಾನಿಕ್ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ‘ಗ್ಯಾಸ್ಕೆಟ್ ಮಾತ್ರ ಹೋಗಿದೆ, ಸಂಜೆಗೇ ಕೂರಿಸಿಕೊಡುತ್ತೇನೆ’ ಎಂದದ್ದು, ಎಲ್ಲವನ್ನೂ ಓದಿದೆ. ಮೊದಲು ಅವರಿಗೆ ಫೋನ್ ಮಾಡಿ ಕೆಲಸ ನಿಲ್ಲಿಸು. ಹೆಡ್ ಬಾಗಿದೆಯೇ ಎಂದು ಅಳೆಯದೆ, ಅದರಡಿ ಸೋರದಂತೆ ತಡೆಯುವ ಹಾಳೆ ಗ್ಯಾಸ್ಕೆಟ್ಟನ್ನು ಹೊಸದಾಗಿ ಹಾಕಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆಯೇ.

ಆ ಎಂಜಿನ್ನಿನ ಕೆಳಭಾಗವಾದ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂನದು. ಕಾದಾಗ ಅಲ್ಯೂಮಿನಿಯಂ ಬೀಡುಕಬ್ಬಿಣ ಹಿಗ್ಗುವುದರ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಹಿಡಿದಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ. ನೀನು ಕಳಿಸಿದ ಫೋಟೊದಲ್ಲಿ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಮೇಲೆ ಕಪ್ಪು ಗೀರು ಕಾಣುತ್ತಿದೆಯಲ್ಲ, ಗ್ಯಾಸ್ ನುಗ್ಗಿರುವುದು ಅಲ್ಲಿಂದಲೇ. ಅಂಟಿದ ಚೂರುಗಳನ್ನೆಲ್ಲ ತೆಗೆದು, ಹೆಡ್ಡಿನ ತಳದ ಮೇಲೆ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆಯನ್ನು ಅದರಡಿ ತೂರಿಸಿ ನೋಡಲು ಹೇಳು. ಸುಜುಕಿ ಕೊಟ್ಟಿರುವ ಮಿತಿ 0.05 ಮಿ.ಮೀ. ಆ ದಪ್ಪದ ಎಲೆ ಎಲ್ಲಾದರೂ ಸಲೀಸಾಗಿ ಒಳಹೊಕ್ಕರೆ ಫೇಸಿಂಗ್, ಅಂದರೆ ತಳವನ್ನು ಕೆರೆದು ಸಮಮಾಡುವುದು, ಆಗಲೇಬೇಕು.

ಫೇಸಿಂಗ್ ಅನ್ನು ಮೆಷಿನ್ ಇರುವ ಅಂಗಡಿಯಲ್ಲೇ ಮಾಡಿಸು. ಗ್ಯಾರೇಜಿನಲ್ಲಿ ಗ್ರೈಂಡರಿಗೆ ಮರಳು ಕಾಗದ ಹಾಕಿ ಉಜ್ಜಲು ಬಿಡಬೇಡ. ಮೇಲ್ಮೈ ಹಳ್ಳಬೀಳುತ್ತದೆ, ಆ ಪುಡಿ ಎಣ್ಣೆಗೆ ಸೇರಿದರೆ ಬೇರಿಂಗ್ ತಿಂದುಹಾಕುತ್ತದೆ. ಮೊದಲು ಪ್ರೆಷರ್ ಹಾಕಿ ಬಿರುಕು ನೋಡಲಿ. ಬಿರುಕು ಬಿಟ್ಟ ಹೆಡ್ಡನ್ನು ಫೇಸಿಂಗ್ ಮಾಡಿ ಏನು ಪ್ರಯೋಜನ? ಕೆರೆಯುವುದೂ ಸಮವಾಗುವಷ್ಟೇ ಇರಲಿ. ಹೆಚ್ಚು ತೆಗೆದರೆ ಸಿಲಿಂಡರಿನೊಳಗಿನ ಕಂಪ್ರೆಷನ್ ಏರುತ್ತದೆ, ವಾಲ್ವ್ ತೆರೆಯುವ ಕ್ಯಾಮ್ ಹೆಡ್ಡಿನ ಮೇಲೇ ಇರುವುದರಿಂದ ವಾಲ್ವ್ ಟೈಮಿಂಗ್ ಕೂಡ ಸರಿಯುತ್ತದೆ. ಹೇಗಿದ್ದರೂ ಬಿಚ್ಚಿದ್ದಾರೆ, ಟೈಮಿಂಗ್ ಬೆಲ್ಟ್ ಹೊಸದನ್ನೇ ಹಾಕಿಸು.

ಕೂರಿಸುವಾಗ ನೀನು ಪಕ್ಕದಲ್ಲೇ ನಿಂತಿರು. ಬೋಲ್ಟಿನ ತೂತುಗಳಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಗಾಳಿ ಊದಿಸಿ ಒಣಗಿಸಬೇಕು. ಇಲ್ಲದಿದ್ದರೆ ಬೋಲ್ಟ್ ಇಳಿದಂತೆ ಆ ಒತ್ತಡಕ್ಕೆ ಬ್ಲಾಕೇ ಸೀಳಬಹುದು. ನಡುವಿನ ಬೋಲ್ಟುಗಳಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಲಿ. ಕೊನೆಯ ಸುತ್ತು ಬಿಗಿ ಅಳೆದು ತೋರಿಸುವ ಟಾರ್ಕ್ ವ್ರೆಂಚಿನಲ್ಲೇ ಆಗಲಿ, ಕೈಯಂದಾಜು ಬೇಡ. ಅವರ ಬಳಿ ಇಲ್ಲದಿದ್ದರೆ ನನ್ನದನ್ನು ತೆಗೆದುಕೊಂಡು ಹೋಗು. ಭಾವನವರು ಬೇಗ ಮುಗಿಸಿ ಎನ್ನುತ್ತಾರೆ, ಗೊತ್ತು. ಒಂದೆರಡು ದಿನ ತಡವಾದರೆ ಆಗಲಿ ಎಂದು ನಾನೇ ಅವರಿಗೆ ಹೇಳುತ್ತೇನೆ.

ಗಾಡಿ ಕುದಿದದ್ದು ಯಾಕೆ ಎಂಬುದನ್ನು ಇನ್ನೂ ಯಾರೂ ಹೇಳಿಲ್ಲ. ಥರ್ಮೋಸ್ಟಾಟ್, ಫ್ಯಾನ್, ವಾಟರ್ ಪಂಪ್, ರೇಡಿಯೇಟರ್ ನಾಲ್ಕನ್ನೂ ನೋಡಿಸು. ಈಗ ಎಣ್ಣೆ ನೋಡುವ ಕಡ್ಡಿ ಡಿಪ್‌ಸ್ಟಿಕ್ ಎಳೆದು ಫೋಟೊ ಹಾಕು. ಎಣ್ಣೆ ಬೆಳ್ಳಗೆ ಕಲಕಿದ್ದರೆ ನೀರು ಸೇರಿದೆ ಎಂದೇ ಅರ್ಥ. ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸುವವರೆಗೆ ಎಂಜಿನ್ ಚಾಲೂ ಮಾಡಲು ಬಿಡಬೇಡ.